ಪಾರ್ಸೆಲ್ ತಡ, ಸ್ಟಾರ್ ಕಡಿಮೆ: ಆನ್‌ಲೈನ್ ಮಾರಾಟಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿದರಿ ಸಾಮಾನು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಆರ್ಡರ್ ಬಂದ ಮರುದಿನವೇ ಅಂಚೆಗೆ ಕೊಟ್ಟ ಹೂದಾನಿ ಗುವಾಹಟಿ ಮುಟ್ಟಲು 11 ದಿನ ಹಿಡಿಯಿತು. ಗಿರಾಕಿ ವಸ್ತುವಿನ ಬಗ್ಗೆ ಏನೂ ಬರೆಯದೆ ‘ತುಂಬಾ ತಡ’ ಎಂದಷ್ಟೇ ಹೇಳಿ ಒಂದು ಸ್ಟಾರ್ ಕೊಟ್ಟಿದ್ದಾರೆ. ಇದನ್ನು ತೆಗೆಸಬಹುದೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?
— ಓದುಗರು, ಬೀದರ್

ಉತ್ತರ: ತೆಗೆಸಬಹುದೇ ಎಂಬುದು ಸಾಗಣೆ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಅಮೆಜಾನ್‌ನಂಥ ಕಡೆ ಸರಕನ್ನು ಅವರದೇ ಗೋದಾಮಿನಿಂದ ಅವರೇ ಕಳಿಸಿದ್ದರೆ, ಬರೀ ತಡದ ಬಗ್ಗೆ ಬಂದ ದೂರನ್ನು ಅವರು ಹೊಡೆದುಹಾಕುತ್ತಾರೆ. ನೀವೇ ಅಂಚೆಗೆ ಕೊಟ್ಟಿದ್ದರೆ ಆ ಸ್ಟಾರ್ ಸಾಮಾನ್ಯವಾಗಿ ಉಳಿಯುತ್ತದೆ. ಅದರ ಕೆಳಗೆ ನಿಮ್ಮ ಉತ್ತರ ಹಾಕಬಹುದು: ಬುಕ್ ಆದ ದಿನ, ತಲುಪಿದ ದಿನ, ಅಷ್ಟೇ ಬರೆಯಿರಿ, ವಾದ ಬೇಡ. ಅದನ್ನು ಓದುವವರು ಮುಂದಿನ ಗಿರಾಕಿಗಳು. ಸ್ಟಾರ್ ತೆಗೆಯಲು ಹಣ ಅಥವಾ ರಿಯಾಯಿತಿ ಕೊಡುತ್ತೇನೆ ಎಂದು ಮಾತ್ರ ಹೇಳಬೇಡಿ. ಅದು ನಿಯಮಬಾಹಿರ, ಖಾತೆಯೇ ಹೋಗಬಹುದು.

ಈಗ ಲೆಕ್ಕಕ್ಕೆ ಬನ್ನಿ. ಹೊರಡಿಸಿದ್ದು ತಡವೋ, ಮುಟ್ಟಿದ್ದು ತಡವೋ ಎಂಬುದನ್ನು ಬೇರೆಬೇರೆ ಎಣಿಸುತ್ತಾರೆ. ಅಮೆಜಾನ್‌ನಲ್ಲಿ ತಡವಾಗಿ ಹೊರಟ ಆರ್ಡರ್‌ಗಳು ಶೇ 4ರೊಳಗೆ ಇರಬೇಕು. ನೀವು ಮರುದಿನವೇ ಕೊಟ್ಟಿದ್ದರಿಂದ ಅಲ್ಲಿ ಪೆಟ್ಟು ಬಿದ್ದಿಲ್ಲ. ಆದರೆ ಒಂದು, ಎರಡು ಸ್ಟಾರ್‌ಗಳು ‘ಆರ್ಡರ್ ಡಿಫೆಕ್ಟ್ ರೇಟ್’ (ಒಟ್ಟು ಆರ್ಡರ್‌ಗಳಲ್ಲಿ ದೂರು ಬಂದವುಗಳ ಪಾಲು) ಲೆಕ್ಕಕ್ಕೆ ಸೇರುತ್ತವೆ. ಅದರ ಮಿತಿ ಶೇ 1. ಅರವತ್ತು ದಿನದಲ್ಲಿ 40 ಆರ್ಡರ್ ಇರುವ ಅಂಗಡಿಗೆ ಇಂಥ ಕಡಿಮೆ ಸ್ಟಾರ್ ಒಂದೇ ಒಂದು ಬಿದ್ದರೂ ಶೇ 2.5 ಆಗಿಬಿಡುತ್ತದೆ. ಸಾವಿರ ಆರ್ಡರ್‌ನವರಿಗೆ ಅದು ಗೀಚಿದ ಗಾಯ, ಸಣ್ಣವರಿಗೆ ಮೂಳೆ ಮುರಿದಂತೆ. ಈ ಅನ್ಯಾಯ ಲೆಕ್ಕದೊಳಗೇ ಇದೆ, ಅದಕ್ಕೇ ಸಣ್ಣ ಅಂಗಡಿಯವರು ಮೊದಲೇ ಎಚ್ಚರ ವಹಿಸಬೇಕು.

ಹೆಚ್ಚಿನವರು ಎಡವುವುದು ತಾರೀಖಿನಲ್ಲಿ. ಸೆಟ್ಟಿಂಗ್‌ನಲ್ಲಿ ತಯಾರಿಯ ದಿನ ಮತ್ತು ಸಾಗಣೆಯ ದಿನ ಎಂದು ಎರಡು ಇರುತ್ತವೆ. ಗಿರಾಕಿಗೆ ಕಾಣುವ ತಾರೀಖು ಈ ಎರಡನ್ನೂ ಕೂಡಿಸಿದ್ದು. ತಯಾರಿಗೆ ಒಂದೇ ದಿನ ಎಂದಿಟ್ಟರೆ ಅಂಗಡಿ ಚುರುಕಾಗಿ ಕಾಣುತ್ತದೆ ನಿಜ, ಆದರೆ ದಾರಿಯ ತಡ ತುಂಬಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಸಿದ್ಧ ಮಾಲಿಗೆ ಎರಡು ದಿನ, ಆರ್ಡರ್ ಮೇಲೆ ಕೆತ್ತುವುದಕ್ಕೆ ಏಳು ದಿನ ಇಟ್ಟು, ಈಶಾನ್ಯ ರಾಜ್ಯಗಳಿಗೂ ಜಮ್ಮು-ಕಾಶ್ಮೀರಕ್ಕೂ ಸಾಗಣೆಯ ದಿನಗಳನ್ನು ಪ್ರತ್ಯೇಕವಾಗಿ ಹೆಚ್ಚಿಸಿ. ಮಾತು ಕೊಟ್ಟ ದಿನಕ್ಕಿಂತ ಎರಡು ದಿನ ಮೊದಲೇ ಮುಟ್ಟಿದರೆ ಯಾರೂ ಬೈಯುವುದಿಲ್ಲ.

ಎರಡನೆಯದು ಮೊದಲ ಸ್ಕ್ಯಾನ್, ಅಂದರೆ ಅಂಚೆಯವರು ಪಾರ್ಸೆಲ್‌ನ ಬಾರ್‌ಕೋಡ್ ಓದಿಸಿ ದಾಖಲಿಸುವುದು. ನಿಮ್ಮ ಅಂಚೆ ಕಚೇರಿಯಲ್ಲಿ ಚೀಲ ಕಟ್ಟುವ ಹೊತ್ತು ಯಾವುದೆಂದು ಕೌಂಟರ್‌ನಲ್ಲಿ ಕೇಳಿಕೊಳ್ಳಿ. ಆ ಹೊತ್ತಿನ ನಂತರ ಬುಕ್ ಮಾಡಿದರೆ ರಸೀದಿಯಲ್ಲಿ ಇಂದಿನ ತಾರೀಖೇ ಇರುತ್ತದೆ, ಮಾಲು ಮಾತ್ರ ನಾಳೆ ಹೊರಡುತ್ತದೆ. ಶನಿವಾರ ಸಂಜೆಯಾದರೆ ಸೋಮವಾರವೇ. ಲೇಬಲ್ ಅಂಟಿಸಿದೊಡನೆ ‘ಕಳಿಸಲಾಗಿದೆ’ ಎಂದು ಒತ್ತಬೇಡಿ, ರಸೀದಿ ಕೈಗೆ ಬಂದ ಮೇಲೆ ಒತ್ತಿ. ಟ್ರ್ಯಾಕಿಂಗ್ ಸಂಖ್ಯೆ ಎಂದರೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಒಂದು ಅಂಕಿ ತಪ್ಪಿದರೂ ಗಿರಾಕಿಗೆ ಏನೂ ಕಾಣುವುದಿಲ್ಲ.

ಬಿದರಿ ಭಾರದ ವಸ್ತು. ತೆಳು ಡಬ್ಬಿಯ ಮೂಲೆ ಒಡೆದರೆ ದಾರಿಯಲ್ಲಿ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ, ಅಲ್ಲಿ ದಿನ ಹೋಗುತ್ತದೆ. ಡಬ್ಬಿಯೊಳಗೆ ಡಬ್ಬಿ ಇಡಿ, ಒಳಗೂ ಒಂದು ವಿಳಾಸದ ಚೀಟಿ ಹಾಕಿ. ಬಾರ್‌ಕೋಡ್ ಡಬ್ಬಿಯ ಅಂಚಿನಲ್ಲಿ ಮಡಚಿಕೊಳ್ಳಬಾರದು, ಅದರ ಮೇಲೆ ಹೊಳೆಯುವ ಟೇಪ್ ಬೇಡ. ಸುತ್ತಿದ ಬಟ್ಟೆಗೆ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ರಬ್ಬರಿನ ಗಂಧಕ ಬೆಳ್ಳಿ ಎಳೆಯನ್ನು ಕಪ್ಪು ಮಾಡುತ್ತದೆ, ಪಾರ್ಸೆಲ್ ತಡವಾದಷ್ಟೂ ಆ ಕಲೆ ಗಾಢವಾಗುತ್ತದೆ. ಆಮೇಲೆ ತಡದ ದೂರಿನ ಜೊತೆ ಮಾಲಿನ ದೂರೂ ಸೇರುತ್ತದೆ.

ಮೂರನೆಯದು ಮಾತು. ಎರಡು ದಿನ ಸ್ಕ್ಯಾನ್ ಆಗದಿದ್ದರೆ ಗಿರಾಕಿ ಕೇಳುವ ಮೊದಲೇ ಬರೆಯಿರಿ: “ನಿಮ್ಮ ಪಾರ್ಸೆಲ್ ಸೋಮವಾರ ಬೀದರ್‌ನಲ್ಲಿ ಬುಕ್ ಆಗಿದೆ. ಬುಧವಾರದ ನಂತರ ಮುಂದಿನ ಸ್ಕ್ಯಾನ್ ಕಾಣುತ್ತಿಲ್ಲ. ಇಂದು ದೂರು ಕೊಟ್ಟಿದ್ದೇವೆ. ಶನಿವಾರ ಮತ್ತೆ ತಿಳಿಸುತ್ತೇವೆ.” ಶನಿವಾರ ಹೊಸ ಸುದ್ದಿ ಇಲ್ಲದಿದ್ದರೂ ಬರೆಯಲೇಬೇಕು. ತಡಕ್ಕಿಂತ ಮೌನಕ್ಕೇ ಜನ ಹೆಚ್ಚು ಸಿಟ್ಟಾಗುತ್ತಾರೆ.

ಪ್ರಶ್ನೆ: ನಮ್ಮೂರ ಶಾಖಾ ಅಂಚೆ ಕಚೇರಿಯಿಂದ ಒಂದು ಕಿಲೋ ತೊಗರಿಬೇಳೆ ಕಳಿಸಿದೆ. ನಾಲ್ಕು ದಿನವಾದರೂ ಟ್ರ್ಯಾಕಿಂಗ್‌ನಲ್ಲಿ ‘ಬುಕ್ ಆಗಿದೆ’ ಎಂದೇ ತೋರಿಸುತ್ತಿದೆ. ಕಳೆದುಹೋಯಿತೇ? ಪರಿಹಾರ ಸಿಗುತ್ತದೆಯೇ?
— ಓದುಗರು, ಆಳಂದ ತಾಲ್ಲೂಕು

ಉತ್ತರ: ಕಳೆದಿದೆ ಎಂದು ಈಗಲೇ ತಿಳಿಯಬೇಡಿ. ಶಾಖಾ ಕಚೇರಿಯ ಚೀಲ ಮೊದಲು ತನ್ನ ಮೇಲಿನ ಉಪ ಅಂಚೆ ಕಚೇರಿಗೆ ಹೋಗಿ, ಅಲ್ಲಿಂದ ಮುಂದೆ ಸಾಗಬೇಕು. ನಡುವೆ ಭಾನುವಾರವೋ ರಜೆಯೋ ಬಂದರೆ ಎರಡು ದಿನ ಸುಲಭವಾಗಿ ಕಳೆಯುತ್ತದೆ. ಆದರೆ ನಾಲ್ಕು ದಿನ ಹೆಚ್ಚಾಯಿತು. ರಸೀದಿ ಹಿಡಿದು ಉಪ ಕಚೇರಿಯಲ್ಲೇ ವಿಚಾರಿಸಿ, ಜೊತೆಗೆ 1800 266 6868ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ವಾರಕ್ಕೆ ಐದಾರು ಪಾರ್ಸೆಲ್ ಇದ್ದರೆ ಒಟ್ಟುಗೂಡಿಸಿ ತಾಲ್ಲೂಕಿನಲ್ಲೋ ಕಲಬುರಗಿಯಲ್ಲೋ ಬುಕ್ ಮಾಡುವುದು ಒಳ್ಳೆಯದು. ಬಸ್ಸಿನ ಖರ್ಚಿಗಿಂತ ಉಳಿಯುವ ದಿನಗಳ ಬೆಲೆ ಹೆಚ್ಚು.

ಸ್ಪೀಡ್ ಪೋಸ್ಟ್ ತಡವಾದರೆ ಕಟ್ಟಿದ ಶುಲ್ಕ ವಾಪಸ್ ಕೇಳಬಹುದು. ಕಳೆದುಹೋದರೆ ಶುಲ್ಕದ ಎರಡರಷ್ಟು ಅಥವಾ ಒಂದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಮಾಲಿನ ಬೆಲೆ ಇದರಲ್ಲಿ ಬರುವುದಿಲ್ಲ, ಆದ್ದರಿಂದ ಬೆಲೆಬಾಳುವುದನ್ನು ಬುಕ್ ಮಾಡುವಾಗಲೇ ವಿಮೆ ಕೇಳಿ. ‘ಮುಟ್ಟಿಲ್ಲ’ ಎನ್ನುವ ತಕರಾರಿಗೆ 2025ರಲ್ಲಿ ಬಂದ ಓಟಿಪಿ ವಿತರಣೆ ಒಳ್ಳೆಯ ಸಾಕ್ಷಿ. ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ, ಗಿರಾಕಿಯ ಮೊಬೈಲ್ ಸಂಖ್ಯೆ ಸರಿ ಇರಬೇಕು ಅಷ್ಟೇ.

ಕೊಟ್ಟ ತಾರೀಖು ದಾಟಿದರೆ, ಗಿರಾಕಿ ಮಾರಾಟ ತಾಣದಲ್ಲಿ ಅಧಿಕೃತ ಕ್ಲೇಮ್ (ಹಣ ವಾಪಸಾತಿಯ ದೂರು) ಹಾಕುವ ಮೊದಲೇ ಹಣ ಮರಳಿಸಿ, ಇಲ್ಲವೇ ಇನ್ನೊಂದು ಪ್ಯಾಕೆಟ್ ಕಳಿಸಿ. ಕ್ಲೇಮ್ ಅವರ ಪರವಾಗಿ ಹೋದರೆ ಅದು ಡಿಫೆಕ್ಟ್ ಲೆಕ್ಕಕ್ಕೆ ಬೀಳುತ್ತದೆ. ಒಂದು ಕಿಲೋ ಬೇಳೆಗಾಗಿ ಖಾತೆಯ ಹೆಸರು ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಗಿರಾಕಿಗಳು ಮರಳಿಸುವ ಮಾಲು ನಮಗೆ ಬಹಳ ತಡವಾಗಿ ಬರುತ್ತದೆ. ವಿಳಾಸದಲ್ಲಿ ‘ಶಹಾಪುರ, ಜಿಲ್ಲಾ ಗುಲ್ಬರ್ಗ’ ಎಂದಿದೆ. ಇದೇ ಕಾರಣವೇ?
— ಓದುಗರು, ಶಹಾಪುರ

ಉತ್ತರ: ಇರಬಹುದು. ಶಹಾಪುರ ಬೆಳಗಾವಿಯಲ್ಲೂ ಇದೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೂ ಇದೆ. ನಿಮ್ಮ ತಾಲ್ಲೂಕು ಯಾದಗಿರಿ ಜಿಲ್ಲೆಗೆ ಸೇರಿದ್ದು 2009ರ ಕೊನೆಯಲ್ಲಿ, ಗುಲ್ಬರ್ಗ ಕಲಬುರಗಿಯಾದದ್ದು 2014ರಲ್ಲಿ. ಹಳೆಯ ಹೆಸರಿಗಿಂತ ತಪ್ಪು ಪಿನ್ ಹೆಚ್ಚು ತೊಂದರೆ ಕೊಡುತ್ತದೆ. ಮೊದಲ ಮೂರು ಅಂಕಿ 585 ಇದ್ದರೆ ಮಾಲು ನಮ್ಮ ಭಾಗಕ್ಕೆ ಬರುತ್ತದೆ, ಕೊನೆಯ ಮೂರು ಅಂಕಿ ಅದನ್ನು ಬಟವಾಡೆ ಕಚೇರಿಗೆ ಮುಟ್ಟಿಸುತ್ತವೆ. ‘ಶಹಾಪುರ, ಜಿಲ್ಲೆ ಯಾದಗಿರಿ, ಕರ್ನಾಟಕ’ ಎಂದು ಬದಲಿಸಿ, ಪಿನ್ ಅನ್ನು ನಿಮ್ಮ ಪೋಸ್ಟ್‌ಮ್ಯಾನ್ ಬಳಿ ಕೇಳಿ ಖಚಿತಪಡಿಸಿಕೊಳ್ಳಿ. ಮಾರಾಟದ ಖಾತೆಯಲ್ಲಿ ಪಿಕಪ್ ವಿಳಾಸ, ವಾಪಸಾತಿ ವಿಳಾಸ ಎರಡೂ ಬೇರೆ ಜಾಗದಲ್ಲಿರುತ್ತವೆ. ಎರಡೂ ಕಡೆ ತಿದ್ದಬೇಕು.