ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಎಂಟನೇ ಹೆನ್ರಿ: ಕೇಳುವ ಕಥೆ, ಉಳಿದಿರುವ ಸಾಕ್ಷ್ಯ

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿಗೆ ಸಮೀಪದ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಹದಿನಾರನೆಯ ಶತಮಾನದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯನ್ನು ಕುರಿತು ಸಾರ್ವಜನಿಕರಿಗಾಗಿ ಉಪನ್ಯಾಸಗಳೂ ಆ ಕಾಲದ ಉಡುಪು ತೊಟ್ಟವರ ನಿರೂಪಣೆಗಳೂ ನಡೆಯುತ್ತವೆಯೆಂದು ಅಳಿಯಂದಿರು ಹೇಳಿದರು. ಪ್ರವಾಸಿಗರನ್ನು ಸೆಳೆಯುವ ಇಂಥ ಮಾತುಗಳಲ್ಲಿ ನಿಜವಾದ ಇತಿಹಾಸ ಎಷ್ಟಿರುತ್ತದೆ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ತಾವು ಖಂಡಿತ ಹೋಗಿ ಕೇಳಬೇಕು. ಅರಮನೆಯನ್ನು ನೋಡಿಕೊಳ್ಳುತ್ತಿರುವ ಹಿಸ್ಟಾರಿಕ್ ರಾಯಲ್ ಪ್ಯಾಲೆಸಸ್ ಎಂಬ ದತ್ತಿ ಸಂಸ್ಥೆಯಲ್ಲಿ ಇತಿಹಾಸವನ್ನೇ ವೃತ್ತಿಯಾಗಿಸಿಕೊಂಡ ವಿದ್ವಾಂಸರಿದ್ದಾರೆ. ಆದರೂ ಒಳ್ಳೆಯ ಉಪನ್ಯಾಸಕ್ಕೆ ನನ್ನದೊಂದು ಒರೆಗಲ್ಲಿದೆ: ಯಾವುದು ದಾಖಲೆಯಲ್ಲಿದೆ, ಯಾವುದು ಬಾಯಿಂದ ಬಾಯಿಗೆ ಬಂದದ್ದು ಎಂಬುದನ್ನು ಮಾತನಾಡುವವರು ಬಿಡಿಸಿ ಹೇಳುತ್ತಾರೆಯೇ ಎಂಬುದನ್ನು ಗಮನಿಸಬೇಕು.

ಇದಕ್ಕೆ ತಕ್ಕ ಉದಾಹರಣೆ ಹೆನ್ರಿಯ ಐದನೆಯ ರಾಣಿ ಕ್ಯಾಥರೀನ್ ಹೊವಾರ್ಡಳದು. ಕಾವಲಿನಿಂದ ತಪ್ಪಿಸಿಕೊಂಡ ರಾಣಿ, ಪ್ರಾರ್ಥನೆಯಲ್ಲಿದ್ದ ದೊರೆಯ ಬಳಿ ಪ್ರಾಣಭಿಕ್ಷೆ ಬೇಡಲೆಂದು ಮೊಗಸಾಲೆಯಲ್ಲಿ ಚೀರುತ್ತ ಓಡಿದಳೆಂಬ ಕಥೆಯನ್ನು ಅಲ್ಲಿ ತಾವು ಕೇಳಿಯೇ ಕೇಳುತ್ತೀರಿ. ಆಕೆಯ ಪ್ರೇತ ಅಲ್ಲಿ ಅಲೆಯುತ್ತದೆಂಬ ನಂಬಿಕೆಯಿಂದ ಆ ಮೊಗಸಾಲೆಗೆ 'ಹಾಂಟೆಡ್ ಗ್ಯಾಲರಿ' ಎಂಬ ಹೆಸರೇ ಬಿದ್ದಿದೆ. ಆದರೆ ಈ ಓಟ ಆ ಕಾಲದ ಯಾವ ಬರವಣಿಗೆಯಲ್ಲಿಯೂ ಇಲ್ಲ. ದಾಖಲಾಗಿರುವ ಸಂಗತಿ ಇದಕ್ಕಿಂತ ಬಹಳ ಮೆಲ್ಲಗೆ ನಡೆದದ್ದು. 1541ರ ನವೆಂಬರ್ ಮೊದಲ ವಾರದಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್, ರಾಣಿಯ ವಿವಾಹಪೂರ್ವ ಸಂಬಂಧಗಳ ವಿವರವನ್ನು ಎದುರು ನಿಂತು ಹೇಳಲು ಧೈರ್ಯ ಸಾಲದೆ, ಕಾಗದದಲ್ಲಿ ಬರೆದು ಅರಮನೆಯ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ ದೊರೆಗೆ ಸಿಗುವಂತೆ ಮಾಡಿದ. 1542ರ ಫೆಬ್ರವರಿ 13ರಂದು ಟವರ್ ಆಫ್ ಲಂಡನ್ ಕೋಟೆಯಲ್ಲಿ ಆಕೆಯ ಶಿರಚ್ಛೇದವಾಯಿತು. ಚೀರಾಟದ ಕಥೆಗಿಂತ, ಒಂದು ಮಡಿಸಿದ ಕಾಗದ ಎಳೆಯ ವಯಸ್ಸಿನ ಹೆಣ್ಣುಮಗಳೊಬ್ಬಳ ಬಾಳನ್ನು ಮುಗಿಸಿತೆಂಬ ಸತ್ಯವೇ ನನ್ನನ್ನು ಹೆಚ್ಚು ಕಲಕುತ್ತದೆ.

ಮಾತು ಕೇಳುತ್ತಲೇ ಕಟ್ಟಡವನ್ನೂ ಓದಿ. ಈ ಅರಮನೆಯನ್ನು ಕಟ್ಟಿಸತೊಡಗಿದವನು ಹೆನ್ರಿಯಲ್ಲ, ಅವನ ಮಂತ್ರಿಯಾಗಿದ್ದ ಕಾರ್ಡಿನಲ್ ಥಾಮಸ್ ವುಲ್ಸಿ. 1514ರಲ್ಲಿ ಅವನು ಗುತ್ತಿಗೆಗೆ ಪಡೆದ ಆ ಜಾಗ, ಅವನು ದೊರೆಯ ಕೃಪೆ ಕಳೆದುಕೊಳ್ಳುವ ಹೊತ್ತಿಗೆ ದೊರೆಯ ಕೈಸೇರಿತ್ತು. ಗ್ರೇಟ್ ಹಾಲ್ ಮಾತ್ರ ಹೆನ್ರಿ 1530ರ ದಶಕದಲ್ಲಿ ಕಟ್ಟಿಸಿದ್ದು. ಅಲ್ಲಿನ ಮರದ ತಡಿಕೆಯ ಮೇಲೆ ಹೆನ್ರಿಯ ಮತ್ತು ಎರಡನೆಯ ರಾಣಿ ಆನ್ ಬೊಲಿನ್‌ಳ ಹೆಸರುಗಳ ಮೊದಲಕ್ಷರಗಳನ್ನು ಹೆಣೆದು ಕೆತ್ತಿದ್ದಾರೆ. 1536ರ ಮೇ ತಿಂಗಳಲ್ಲಿ ಆನ್‌ಳ ತಲೆ ಕಡಿಸಿದ ಕೆಲವೇ ದಿನಗಳಲ್ಲಿ ದೊರೆ ಜೇನ್ ಸೀಮೋರ್‌ಳನ್ನು ಮದುವೆಯಾದಾಗ, ಹಳೆಯ ರಾಣಿಯ ಲಾಂಛನಗಳನ್ನು ತೆಗೆದು ಹೊಸಬಳವನ್ನು ಕೂರಿಸುವ ಕೆಲಸ ಅವಸರದಲ್ಲಿ ನಡೆಯಿತು. ಕೆಲಸಗಾರರ ಕಣ್ತಪ್ಪಿ ಉಳಿದ ಆ ಅಕ್ಷರಗಳು ಸುಮಾರು 490 ವರ್ಷಗಳಿಂದ ಅಲ್ಲಿಯೇ ಇವೆ. ತಾವು ದಯವಿಟ್ಟು ಅವನ್ನು ಹುಡುಕಿ ನೋಡಿ.

ಜೇನ್ ಕೂಡ ಬಹಳ ಕಾಲ ಬದುಕಲಿಲ್ಲ. 1537ರ ಅಕ್ಟೋಬರ್ 12ರಂದು ಇದೇ ಅರಮನೆಯಲ್ಲಿ, ಹೆನ್ರಿ ಹಂಬಲಿಸಿದ ಗಂಡುಮಗು ಎಡ್ವರ್ಡ್‌ನನ್ನು ಹೆತ್ತು, 12 ದಿನಗಳ ಬಳಿಕ ಇಲ್ಲಿಯೇ ತೀರಿಕೊಂಡಳು.

ಪ್ರಶ್ನೆ: ಹೆನ್ರಿ ಮಾಂಸವನ್ನು ಕೈಯಲ್ಲಿ ಹಿಡಿದು ಹರಿದು ತಿಂದು ಮೂಳೆಗಳನ್ನು ಹಿಂದಕ್ಕೆ ಎಸೆಯುತ್ತಿದ್ದನೆಂಬುದು ನಿಜವೇ?
— ಓದುಗರು, ಧಾರವಾಡ

ಉತ್ತರ: ನಿಜವಲ್ಲ. ಆ ಚಿತ್ರ ನಮ್ಮ ಮನಸ್ಸಿನಲ್ಲಿ ಊರುವಂತೆ ಮಾಡಿದ್ದು ಮುಖ್ಯವಾಗಿ 1933ರ ಒಂದು ಚಲನಚಿತ್ರ. ಟ್ಯೂಡರ್ ಕಾಲದ, ಅಂದರೆ ಹೆನ್ರಿಯ ವಂಶದವರು ಆಳಿದ ಕಾಲದ, ದೊಡ್ಡ ಮನೆಗಳಲ್ಲಿ ಊಟದ ಶಿಷ್ಟಾಚಾರ ಕಟ್ಟುನಿಟ್ಟಾಗಿತ್ತು. ಊಟಕ್ಕೆ ಮೊದಲು ಕೈ ತೊಳೆಯುತ್ತಿದ್ದರು, ಚಾಕು ಮತ್ತು ಚಮಚ ಬಳಸುತ್ತಿದ್ದರು. ಫೋರ್ಕಿನಿಂದ ಉಣ್ಣುವ ರೂಢಿ ಇನ್ನೂ ಬಂದಿರಲಿಲ್ಲವಾದ್ದರಿಂದ ಬೆರಳುಗಳಿಗೂ ಕೆಲಸವಿತ್ತು, ಮತ್ತು ಕೈಯಿಂದ ಉಣ್ಣುವುದು ಒರಟುತನವಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ರೇಟ್ ಹಾಲ್‌ನಲ್ಲಿ ಸರದಿಯ ಮೇಲೆ ನಿತ್ಯ ಉಣ್ಣುತ್ತಿದ್ದವರು ಆಸ್ಥಾನದ ಕೆಳಹಂತದ ನೂರಾರು ಸಿಬ್ಬಂದಿ. ದೊರೆಯ ಊಟ ಸಾಮಾನ್ಯವಾಗಿ ಅವನ ಖಾಸಗಿ ಕೋಣೆಗಳಲ್ಲಿಯೇ ನಡೆಯುತ್ತಿತ್ತು. ಕೊನೆಗಾಲದಲ್ಲಿ ಅವನ ಮೈ ವಿಪರೀತ ಬೆಳೆದದ್ದು ಮಾತ್ರ ಸತ್ಯ. ಯೌವನದಲ್ಲಿ ಕುದುರೆ ಸವಾರಿ, ಭರ್ಜಿಕಾಳಗ, ಟೆನಿಸ್‌ಗಳಲ್ಲಿ ಮುಂದಿದ್ದ ಅವನು, 1536ರ ಜನವರಿಯಲ್ಲಿ ಕುದುರೆಯಿಂದ ಜೋರಾಗಿ ಬಿದ್ದ. ಮುಂದೆ ಕಾಲಿನ ಮಾಯದ ಹುಣ್ಣು ಅವನ ಓಡಾಟವನ್ನೇ ಕಟ್ಟಿಹಾಕಿತು. ಊಟವೋ ಮೊದಲಿನಂತೆಯೇ ಸಾಗಿತ್ತು.