ಬರೆದ ಡಿವಿಡಿಯ ಚೆಕ್‌ಸಮ್ ಐಸೊ ಕಡತದೊಂದಿಗೆ ತಾಳೆಯಾಗದಿರುವುದು ಏಕೆ?

ಲಿನಕ್ಸ್‌ನಲ್ಲಿ ಗ್ರೋಐಸೊಎಫ್‌ಎಸ್ (ಡಿಸ್ಕ್ ಬರೆಯುವ ತಂತ್ರಾಂಶ) ಬಳಸಿ ಟರ್ಮಿನಲ್‌ನಿಂದಲೇ ಡಿವಿಡಿ ಬರೆದಿದ್ದೀರಿ, ಯಾವ ದೋಷಸಂದೇಶವೂ ಬಂದಿಲ್ಲ, ಆದರೂ ಐಸೊ ಕಡತದ (ಇಡೀ ಡಿಸ್ಕಿನ ಪ್ರತಿಬಿಂಬವಾದ ಕಡತ) ಎಂಡಿ5 ಚೆಕ್‌ಸಮ್ (ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಡಿಸ್ಕಿನದಕ್ಕೆ ತಾಳೆಯಾಗುತ್ತಿಲ್ಲ, ಡಿಸ್ಕ್ ಎಸೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಎಸೆಯಬೇಡಿ. ನಿಮ್ಮ ಡಿಸ್ಕ್ ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು.

ಡಿವಿಡಿಯಲ್ಲಿ ಒಂದೊಂದು ಸೆಕ್ಟರ್ 2048 ಬೈಟ್‌ಗಳದ್ದು. ಆದರೆ ದೋಷ ತಿದ್ದುವ ಸಂಕೇತವನ್ನು 16 ಸೆಕ್ಟರ್‌ಗಳ ಒಂದು ಕಟ್ಟಿಗೆ ಒಟ್ಟಾಗಿ ಸೇರಿಸುವುದರಿಂದ, ಐಸೊ ಕಡತ ಕಟ್ಟಿನ ನಡುವೆ ಮುಗಿದರೆ ಉಳಿದ ಜಾಗಕ್ಕೆ ಸೊನ್ನೆಗಳನ್ನು ತುಂಬಲಾಗುತ್ತದೆ. ಉದಾಹರಣೆಗೆ, ಕಡತದ ಗಾತ್ರ 1,02,40,02,048 ಬೈಟ್ ಇದ್ದರೆ ಅದು 5,00,001 ಸೆಕ್ಟರ್‌ಗಳಾಗುತ್ತದೆ. ಹದಿನಾರರ ಲೆಕ್ಕದಲ್ಲಿ ಒಂದು ಸೆಕ್ಟರ್ ಹೊರಗುಳಿಯುವುದರಿಂದ ಅದರ ಜೊತೆಗೆ ಬರೀ ಸೊನ್ನೆಯ 15 ಸೆಕ್ಟರ್‌ಗಳು ಡಿಸ್ಕಿಗೆ ಹೋಗುತ್ತವೆ. ಇಡೀ ಡಿಸ್ಕ್ ಸಾಧನವನ್ನೇ ಚೆಕ್‌ಸಮ್ ಲೆಕ್ಕ ಹಾಕುವ ಎಂಡಿ5ಸಮ್ ಆದೇಶಕ್ಕೆ ಕೊಟ್ಟಾಗ ಅದು ಆ ಸೊನ್ನೆಗಳನ್ನೂ ಸೇರಿಸಿಕೊಂಡು ಲೆಕ್ಕ ಹಾಕುತ್ತದೆ. ಒಂದೇ ಒಂದು ಬೈಟ್ ಹೆಚ್ಚಾದರೂ ಚೆಕ್‌ಸಮ್ ಪೂರ್ತಿ ಬೇರೆಯಾಗುತ್ತದೆ.

ಆದ್ದರಿಂದ ಕಡತದಲ್ಲಿ ಎಷ್ಟಿದೆಯೋ ಅಷ್ಟನ್ನೇ ಡಿಸ್ಕಿನಿಂದ ಓದಿಸಬೇಕು. ಕಡತದ ಗಾತ್ರವನ್ನು 2048ರಿಂದ ಭಾಗಿಸಿ, ದತ್ತಾಂಶ ನಕಲಿಸುವ ಡಿಡಿ ಆದೇಶದಲ್ಲಿ ಬಿಎಸ್ (ಒಂದು ಸಲಕ್ಕೆ ಓದುವ ಬೈಟ್‌ಗಳು) ಬೆಲೆಯನ್ನು 2048 ಎಂದೂ ಕೌಂಟ್ (ಎಷ್ಟು ಸಲ ಓದಬೇಕು) ಬೆಲೆಯನ್ನು ಆ ಭಾಗಲಬ್ಧವೆಂದೂ ಕೊಟ್ಟು, ಹೊರಬಂದದ್ದನ್ನು ಪೈಪ್ ಮೂಲಕ ಎಂಡಿ5ಸಮ್‌ಗೆ ಕಳುಹಿಸಿ. ಅದಕ್ಕೂ ಮೊದಲು ಡಿಸ್ಕನ್ನು ಒಮ್ಮೆ ಹೊರತೆಗೆದು ಮತ್ತೆ ಹಾಕುವುದನ್ನು ಮರೆಯಬೇಡಿ, ಏಕೆಂದರೆ ಬರೆಯುವ ಮುಂಚಿನ ಖಾಲಿ ಡಿಸ್ಕಿನ ಗಾತ್ರವೇ ಲಿನಕ್ಸ್‌ನ ತಿರುಳಾದ ಕರ್ನಲ್‌ನ ನೆನಪಿನಲ್ಲಿ ಉಳಿದಿರಬಹುದು.

ಸಿಡಿಯಲ್ಲಿ ತೊಂದರೆಯ ಬಗೆಯೇ ಬೇರೆ. ಸಿಡಿ ಬರೆಯುವ ವೋಡಿಮ್ ತಂತ್ರಾಂಶದಲ್ಲಿ ಟ್ರ್ಯಾಕ್-ಅಟ್-ಒನ್ಸ್ (ಒಂದೊಂದೇ ಟ್ರ್ಯಾಕ್ ಬರೆಯುವ) ವಿಧಾನದಿಂದ ಬರೆದರೆ ಟ್ರ್ಯಾಕಿನ ಕೊನೆಯಲ್ಲಿ ಓದಲು ಬಾರದ ಎರಡು ಸೆಕ್ಟರ್‌ಗಳು ಉಳಿಯುತ್ತವೆ. ಕರ್ನಲ್ ಅವನ್ನೂ ಓದಲು ಹೋಗಿ ಇನ್‌ಪುಟ್-ಔಟ್‌ಪುಟ್ ದೋಷ ತೋರಿಸುತ್ತದೆ. ಡಿಎಒ (ಡಿಸ್ಕ್-ಅಟ್-ಒನ್ಸ್, ಇಡೀ ಡಿಸ್ಕನ್ನು ಒಮ್ಮೆಗೇ ಬರೆಯುವ) ಆಯ್ಕೆ ಕೊಟ್ಟು ಬರೆದರೆ ಈ ಕಾಟವಿಲ್ಲ, ನಾನು ಸಿಡಿಗೆ ಅದನ್ನೇ ಬಳಸುತ್ತೇನೆ.

ಬರೆದದ್ದನ್ನು ತಾಳೆ ನೋಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಪರದೆಯ ಮೇಲೆ ನೂರು ಪ್ರತಿಶತ ಎಂದು ಬಂದದ್ದನ್ನೇ ನಂಬಿ ಮೂಲ ಫೋಟೋಗಳನ್ನು ಅಳಿಸಿಬಿಟ್ಟೆ. ತಿಂಗಳುಗಳ ನಂತರ ನೋಡಿದರೆ ಕಡತಗಳ ಹೆಸರುಗಳೆಲ್ಲ ಇದ್ದವು, ಆದರೆ ಕೊನೆಯ ಫೋಲ್ಡರಿನ ಒಂದು ಚಿತ್ರವೂ ತೆರೆಯಲಿಲ್ಲ.

ಮೇಲಿನಂತೆ ಮಾಡಿದ ಮೇಲೂ ಚೆಕ್‌ಸಮ್ ಹೊಂದದಿದ್ದರೆ ಎರಡನ್ನು ಬೈಟ್ ಬೈಟಾಗಿ ಹೋಲಿಸುವ ಸಿಎಂಪಿ ಆದೇಶಕ್ಕೆ ಐಸೊ ಕಡತವನ್ನೂ ಡಿಸ್ಕ್ ಸಾಧನವನ್ನೂ ಕೊಟ್ಟು ನೋಡಿ. ಐಸೊ ಕಡತವೇ ಮೊದಲು ಮುಗಿಯಿತೆಂದು ಅದು ಹೇಳಿದರೆ, ಕಡತದ ಪ್ರತಿಯೊಂದು ಬೈಟೂ ಡಿಸ್ಕಿನಲ್ಲಿ ಸರಿಯಾಗಿ ಇದೆ ಎಂದರ್ಥ. ಬದಲಿಗೆ ಇಷ್ಟನೆಯ ಬೈಟಿನಲ್ಲಿ ವ್ಯತ್ಯಾಸವಿದೆ ಎಂದರೆ ಅಥವಾ ಓದುವಾಗಲೇ ದೋಷ ಬಂದು ನಿಂತರೆ, ಆಗ ಮಾತ್ರ ಹೊಸ ಡಿಸ್ಕ್ ತೆಗೆದುಕೊಂಡು ಕಡಿಮೆ ವೇಗದಲ್ಲಿ ಮತ್ತೆ ಬರೆಯಿರಿ.