ಬಿಸಿನೀರಿನ ಟ್ಯಾಂಕ್‌ನ ಕಂಪ್ಯೂಟರ್ ಮಾಡೆಲ್‌ನಲ್ಲಿ ತಾಪಮಾನ ಅಡ್ಡಾದಿಡ್ಡಿ ಏರಿಳಿಯುತ್ತಿದೆ, ಸಾಫ್ಟ್‌ವೇರ್ ಬದಲಿಸಲೇ?

ಬೇಡ. ನಾನು ಬದಲಿಸಿ ನೋಡಿದ್ದೇನೆ, ಮಾಡೆಲ್‌ನಲ್ಲಿದ್ದ ತಪ್ಪು ಅದರ ಜೊತೆಗೇ ಹೊಸ ಸಾಫ್ಟ್‌ವೇರ್‌ಗೂ ಬಂತು.

ನನ್ನದು 300 ಲೀಟರ್ ಸೋಲಾರ್ ಟ್ಯಾಂಕ್, ಜೊತೆಗೆ 6 ಕಿಲೋವ್ಯಾಟ್ ಹೀಟರ್. ಥರ್ಮೋಸ್ಟಾಟ್ 50 ಡಿಗ್ರಿಗೆ ಆನ್, 55ಕ್ಕೆ ಆಫ್. ಹವಾಮಾನದ ದತ್ತಾಂಶ ಗಂಟೆಗೊಂದರಂತೆ ಇದ್ದದ್ದರಿಂದ ಟೈಮ್ ಸ್ಟೆಪ್ಪನ್ನೂ, ಅಂದರೆ ಮಾಡೆಲ್ ಒಂದು ಲೆಕ್ಕದಿಂದ ಮುಂದಿನದಕ್ಕೆ ಜಿಗಿಯುವ ಅಂತರವನ್ನೂ, ಒಂದು ಗಂಟೆ ಇಟ್ಟೆ. ಕೆಟ್ಟಿದ್ದು ಅಲ್ಲೇ. ಲೆಕ್ಕ ಹಾಕಿ ನೋಡಿ: ಅಷ್ಟು ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 1,256 ಕಿಲೋಜೂಲ್ ಬೇಕು. ಹೀಟರ್ ಗಂಟೆಗೆ ಕೊಡುವುದು 21,600. ಅಂದರೆ ಗಂಟೆಗೆ 17 ಡಿಗ್ರಿ ಏರಿಕೆ. 50ರಿಂದ 55ಕ್ಕೆ ಹದಿನೇಳು ಚಿಲ್ಲರೆ ನಿಮಿಷ ಸಾಕು. ಆದರೆ ನನ್ನ ಥರ್ಮೋಸ್ಟಾಟ್ ತಾಪಮಾನ ನೋಡುತ್ತಿದ್ದದ್ದೇ ಗಂಟೆಗೊಮ್ಮೆ. 49.8ರಲ್ಲಿ ಆನ್ ಆದ ಹೀಟರ್ ಇಡೀ ಗಂಟೆ ಉರಿದು ಟ್ಯಾಂಕನ್ನು ಹತ್ತಿರ ಹತ್ತಿರ 67ಕ್ಕೆ ಒಯ್ಯುತ್ತಿತ್ತು.

ಇದರ ಕೇಡು ಗ್ರಾಫ್‌ನಲ್ಲಿ ಕಂಡಷ್ಟೇ ಅಲ್ಲ. ಟ್ಯಾಂಕ್ ಆಗಲೇ 67ರಲ್ಲಿದ್ದರೆ ಬಿಸಿಲು ಬಂದಾಗ ಸೋಲಾರ್ ಶಾಖ ಸೇರಲು ಜಾಗ ಕಡಿಮೆಯಾಗುತ್ತದೆ. ಟ್ಯಾಂಕ್‌ನ ಶಾಖನಷ್ಟವೂ ಹೆಚ್ಚುತ್ತದೆ. ವರ್ಷದ ಮೊತ್ತ ನಂಬುವ ಹಾಗೇ ಇರುತ್ತದೆ, ಅದರಲ್ಲಿ ಬಿಸಿಲಿನಿಂದ ಬಂದ ಪಾಲು ಮಾತ್ರ ಸುಳ್ಳು. ಸಾಫ್ಟ್‌ವೇರ್ ಯಾವುದಾದರೂ ಇದು ಹೀಗೇ.

ಆನ್ ತಾಪಮಾನದಿಂದ ಆಫ್ ತಾಪಮಾನಕ್ಕೆ ಏರಲು ಹಿಡಿಯುವ ಸಮಯದ ಹತ್ತನೇ ಒಂದು ಭಾಗಕ್ಕಿಂತ ದೊಡ್ಡ ಸ್ಟೆಪ್ ಇಡಬೇಡಿ. ಇಲ್ಲಿ ಒಂದು ನಿಮಿಷ ಇಡಿ. ಹವಾಮಾನದ ದತ್ತಾಂಶವನ್ನು ನಡುವೆ ಇಂಟರ್‌ಪೊಲೇಟ್ ಮಾಡಿಕೊಳ್ಳಿ, ಅಂದರೆ ಎರಡು ಗಂಟೆಗಳ ಅಂಕಿಗಳ ನಡುವಿನ ಬೆಲೆಗಳನ್ನು ಅಂದಾಜಿಸಿ ತುಂಬಿ.

ಪೈಪ್ ಗೋಡೆಯನ್ನೂ ಮಾಡೆಲ್‌ಗೆ ಸೇರಿಸಿದ್ದೀರಾ? ಹಾಗಿದ್ದರೆ ಒಂದು ನಿಮಿಷದ ಸ್ಟೆಪ್ಪೂ ದೊಡ್ಡದೇ. 2 ಕಿಲೋ ತಾಮ್ರ, ನೀರಿಗೂ ಗೋಡೆಗೂ ನಡುವೆ ಡಿಗ್ರಿಗೆ 100 ವ್ಯಾಟ್ ಶಾಖ ಹರಿಯುತ್ತದೆ ಎಂದುಕೊಂಡರೆ ಗೋಡೆಯ ಟೈಮ್ ಕಾನ್‌ಸ್ಟೆಂಟ್ (ತಾಪಮಾನ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಅಳತೆ) 8 ಸೆಕೆಂಡಿಗೂ ಕಡಿಮೆ. ಈಗಿನ ಬದಲಾವಣೆಯ ದರವನ್ನೇ ಇಡೀ ಸ್ಟೆಪ್ಪಿಗೆ ಹಿಡಿಯುವ ಸರಳ ಆಯ್ಲರ್ ವಿಧಾನದಲ್ಲಿ ಸ್ಟೆಪ್ ಅದರ ಎರಡರಷ್ಟು ದಾಟಿದರೆ ಉತ್ತರ ಸಿಡಿದುಹೋಗುತ್ತದೆ. ಅದೇ ಡಿಗ್ರಿಗೆ 2.5 ವ್ಯಾಟ್ ಸೋರುವ ಟ್ಯಾಂಕ್‌ನ ಟೈಮ್ ಕಾನ್‌ಸ್ಟೆಂಟ್ ಸುಮಾರು 140 ಗಂಟೆ. ಸೆಕೆಂಡು, ದಿನ ಎರಡೂ ಒಂದೇ ಮಾಡೆಲ್‌ನಲ್ಲಿದ್ದರೆ ಅದು ಸ್ಟಿಫ್ ಸಿಸ್ಟಮ್. ಅದಕ್ಕೆಂದೇ ಇರುವ ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಬೇಕು: ಮಾಟ್‌ಲ್ಯಾಬ್‌ನ ಓಡಿಇ45 ಬಿಟ್ಟು ಓಡಿಇ15ಎಸ್ ಹಿಡಿಯಿರಿ, ಓಪನ್‌ಮಾಡೆಲಿಕಾದಲ್ಲಾದರೆ ಡಾಸಲ್ ಇದೆ. ನನ್ನನ್ನು ಕೇಳಿದರೆ, ವರ್ಷದ ಲೆಕ್ಕಕ್ಕೆ ಗೋಡೆಯನ್ನೇ ಕೈಬಿಡಿ.

ಆನ್ ಮತ್ತು ಆಫ್ ಎರಡಕ್ಕೂ ಒಂದೇ ತಾಪಮಾನ ಕೊಡಲೇಬೇಡಿ. ಸ್ಟೆಪ್ಪನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ವೇರಿಯಬಲ್ ಸ್ಟೆಪ್ ಸಾಲ್ವರ್ ಆ ಬಿಂದುವಿನಲ್ಲೇ ಸಿಕ್ಕಿಬಿದ್ದು ಮುಂದಕ್ಕೆ ಹೋಗದೇ ಇರಬಹುದು.

ಎಲ್ಲ ಸರಿಪಡಿಸಿದ ಮೇಲೆ ಒಂದು ವಾರದ ಅವಧಿಯನ್ನು ಅರ್ಧ ಸ್ಟೆಪ್ಪಿನಲ್ಲಿ ಮತ್ತೆ ಓಡಿಸಿ. ಹೀಟರ್ ಎಷ್ಟು ಸಲ ಆನ್ ಆಯಿತೆಂದು ಎರಡರಲ್ಲೂ ಎಣಿಸಿ. ಎಣಿಕೆ ಕೂಡದಿದ್ದರೆ ಸ್ಟೆಪ್ ಇನ್ನೂ ದೊಡ್ಡದು.